ಊರಿಗೆ ಹೋಗಿ ತಿಳಿಸ್ತೀವಿ

ನನ್ನನ್ನು ಐದು ಸಲ ನೋಡಿ ಹೋಗಿದ್ದರು.
ಕುರುಗೋಡಿನವರು, ಆಲೂರಿನವರು, ಮತ್ತೆ ಕುರುಗೋಡಿನವರು.
ಉಪ್ಪಿಟ್ಟು ತಿಂದು, ಕರಿಬೇವು ತಟ್ಟೆಯಂಚಿಗೆ ಸರಿಸಿ,
"ಊರಿಗೆ ಹೋಗಿ ತಿಳಿಸ್ತೀವಿ" ಅಂದಿದ್ದರು.
ಆ ಮಾತು ಒಂದು ದಿನ ನನ್ನ ಬಾಯಿಂದಲೇ ಬರುತ್ತದೆಂದು,
ಅದೂ ಒಂದು ದೇಶಕ್ಕೆ,
ಯಾರು ಕಂಡಿದ್ದರು.

ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ ನಲವತ್ತು ಮಷೀನು.
ಮಧ್ಯಾಹ್ನ ತಗಡು ಕಾಯ್ದು ಚಿಟಿಚಿಟಿ ಅನ್ನುವಾಗ
ಜೀನ್ಸಿನ ನೀಲಿ ಬೆವರಿಗಿಳಿದು
ಮೊಣಕೈ ತನಕ ಕೃಷ್ಣನ ಬಣ್ಣ.
ಪಾರಸಮಲ್ ಸೇಟು ಕರೆದು ಹೇಳಿದ:
ಇಥಿಯೋಪಿಯಾದಾಗ ನಮ್ಮ ಷಡ್ಡಕ ಫ್ಯಾಕ್ಟರಿ ಹಾಕ್ಯಾನ,
ಲೈನು ನಡೆಸೋರು ಬೇಕು, ಮೂರು ಪಟ್ಟು ಸಂಬಳ,
ಹತ್ತು ದಿನ ನೋಡಿ ಬಾ ಯರ್ರಮ್ಮ.
ಮನಸಾದರೆ ಸಂಸಾರ ಸಮೇತ ಹೋಗು.

ಅದಿರಿನ ಲಾರಿ ನಿಂತಾಗಿನಿಂದ
ಕಟ್ಟೆಯ ಮೇಲೆ ಕೂತ ನನ್ನ ಗಂಡ
ಒಂದೇ ಒಂದು ಕೇಳಿದ:
"ಅಲ್ಲಿ ಧೂಳು ಯಾವ ಬಣ್ಣ, ನೋಡ್ಕೊಂಡು ಬಾ."

ಹವಾಸಾ. ಸರೋವರದ ದಡದ ಊರು.
ಮೇ ತಿಂಗಳಲ್ಲಿ ಶಾಲು ಹೊದ್ದೆ, ಬಳ್ಳಾರಿಯವಳು, ನಾನು!
ಮೀನಿನ ಕಟ್ಟೆಯಲ್ಲಿ ಎದೆಯೆತ್ತರದ ಬೋಳುತಲೆ ಕೊಕ್ಕರೆಗಳು
ಸಾಲ ವಸೂಲಿಗೆ ಬಂದವರ ಹಾಗೆ ನಿಂತಿದ್ದವು.
ಅವರ ಗಡಿಯಾರ ಹೊತ್ತು ಹುಟ್ಟಿದಾಗಿಂದ ಎಣಿಸುತ್ತದೆ,
ನಮ್ಮ ಏಳು ಅವರಿಗೆ ಒಂದು.
ನಮ್ಮಜ್ಜಿಯ ಲೆಕ್ಕವೂ ಹಾಗೇ ಇತ್ತು.
ರೊಟ್ಟಿಯೂ ಅಲ್ಲ, ದೋಸೆಯೂ ಅಲ್ಲ, ಹುಳಿಬಂದ ಒಂದು ಹಚ್ಚಡ,
ಮೊದಲ ದಿನ ನುಂಗಿದೆ,
ಮೂರನೇ ದಿನ ಕೇಳಿ ಹಾಕಿಸಿಕೊಂಡೆ.

ಸಂತೆಯಲ್ಲಿ ಜೋಳದ ರಾಶಿ.
ಒಂದು ಕಾಳು ಹಲ್ಲಿಗೆ ಕೊಟ್ಟೆ. ನಮ್ಮದೇ.
ಜೊತೆಗಿದ್ದ ಹುಡುಗ ನಕ್ಕ: ನಿಮ್ಮದಲ್ಲ,
ಇಲ್ಲಿಂದ ಎಂದೋ ಎದ್ದು ಬಂದದ್ದು.
ಹತ್ತು ದಿನ ನೋಡಿ ಹೋಗಲು ಬಂದಿರಲಾರದು ಜೋಳ,
ಯಾರದೋ ಸೆರಗಿನ ಗಂಟಿನಲ್ಲಿ
ಕೇಳದೆ ಹೇಳದೆ ಬಂದಿರಬೇಕು.

ಫ್ಯಾಕ್ಟರಿಯಲ್ಲಿ ಕೊರಳಿಗೊಂದು ಸ್ಟಾಪ್‌ವಾಚ್ ಹಾಕಿದರು,
ತಾಳಿಗಿಂತ ಗೇಣುದ್ದ ಕೆಳಗೆ ತೂಗುವಂಥದ್ದು.
ತಿಗಿಸ್ತ್ ಅಂತ ಹುಡುಗಿ, ಹೆಸರಿಗೆ ತಾಳ್ಮೆ ಎಂದರ್ಥವಂತೆ.
ಹಿಂದಿನ ಜೇಬಿಗೆ ನಲವತ್ತೊಂದು ಸೆಕೆಂಡು.
ಮೂವತ್ತೆರಡಕ್ಕೆ ಇಳಿಸಬೇಕು, ಅಂದ ಮ್ಯಾನೇಜರು,
ನಿನ್ನಷ್ಟಕ್ಕೆ.
ನನ್ನಷ್ಟಕ್ಕೆ ಬರಲು ನನಗೆ ಹದಿನೇಳು ವರ್ಷ ಹಿಡಿಯಿತು,
ಬಲಗಣ್ಣಿನ ಪೊರೆ ಹಿಡಿಯಿತು.
ಅದನ್ನು ಯಾವ ಭಾಷೆಯಲ್ಲಿ ಹೇಳಲಿ.
ಅವಳನ್ನೆಬ್ಬಿಸಿ ನಾನೇ ಕೂತೆ, ವಾಚು ಅವಳ ಕೈಗಿಟ್ಟೆ.
ಮೂವತ್ತೈದು! ಕೂಗಿದಳು,
ಇಡೀ ಲೈನು ನಕ್ಕಿತು,
ಮ್ಯಾನೇಜರೊಬ್ಬನನ್ನು ಬಿಟ್ಟು.

ಕೊನೆಯ ದಿನ ಅವಳ ಮನೆಯಲ್ಲಿ ಕಾಫಿ.
ಹಸಿಬೀಜ ಹುರಿದು, ಕುಟ್ಟಿ, ಮೂರು ಸಲ ಬಗ್ಗಿಸುತ್ತಾರೆ.
ಮೂರನೆಯದಕ್ಕೆ ಬರಕ ಎಂದು ಹೆಸರು.
(ನಮ್ಮ ಮೌಲಾಬಿ ಹಬ್ಬದ ದಿನ ಬರಕತ್ ಅನ್ನುತ್ತಾಳಲ್ಲ, ಅದೇ.)
ಅವಳ ತಾಯಿ ನನ್ನನ್ನು ತೋರಿಸಿ, ನೆಲ ತೋರಿಸಿ,
ಏನೋ ಕೇಳಿದಳು.
ಕನ್ನಡದಲ್ಲೇ ಅಂದುಬಿಟ್ಟೆ: ಊರಿಗೆ ಹೋಗಿ ತಿಳಿಸ್ತೀವಿ.
ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸಿದಳು,
ಐದೂ ಸಲ
ನನ್ನವ್ವ ಆಡಿಸಿದ ಹಾಗೆ.
ಹೊರಗೆ ವ್ಯಾನು ಹಾರ್ನು ಹೊಡೆಯಿತು.
ಎರಡೇ ಕಪ್ಪಾಗಿತ್ತು, ಎದ್ದೆ.

ಧೂಳು ಕೆಂಪೇ, ಗಂಡನಿಗೆ ಹೇಳಿದೆ,
ನಮ್ಮ ಸಂಡೂರಿನಷ್ಟಲ್ಲ.
"ಹಂಗಾದ್ರೆ ಒಗೆದ್ರೆ ಹೋಗುತ್ತೆ" ಅಂದ.
ಹ್ಞೂಂ ಅಂದನೋ, ಊಹ್ಞೂಂ ಅಂದನೋ ತಿಳಿಯಲಿಲ್ಲ.

ಶುಕ್ರವಾರ ಸೇಟಿಗೆ ಉತ್ತರ ಕೊಡಬೇಕು.
ಇವತ್ತು ಗುರುವಾರ, ಕರೆಂಟು ಹೋಗಿ ಬಂದಿದೆ,
ಪಕ್ಕದ ಮಷೀನಿನಿಂದ ಮೌಲಾಬಿ ಕೇಳುತ್ತಾಳೆ:
ಯಾಕಕ್ಕ, ಕೈ ಸೋತಾವೇನು,
ಒಂದೊಂದು ಜೇಬಿಗೆ ಇಷ್ಟೊತ್ತು?

ನಲವತ್ತೊಂದು, ಅಂದೆ.